ಅತ್ತೆಯ ಗಾಡಿಗೆ ಹೊಸ ಚಿಮಟಾ

ಪರದೆಯ ಕಂಬಿ ಹಾಕಬೇಕೆಂದು ಹತ್ಯಾರಗಳ ಡಬ್ಬಿ ತೆರೆದೆ. ಐರೋಲಿಯ ಈ ಬಾಡಿಗೆ ಮನೆಗೆ ಬಂದು ಎಷ್ಟೋ ತಿಂಗಳಾದವು. ಎದುರು ಕಟ್ಟಡದವರು ಅಷ್ಟೂ ದಿನದಿಂದ ನನ್ನನ್ನು ಟಿಕೆಟ್ಟಿಲ್ಲದೆ ನೋಡುತ್ತಿದ್ದಾರೆ. ನನಗೆ ಅದರಿಂದ ಬೇಸರವೇನೂ ಇಲ್ಲ, ಪ್ರೇಕ್ಷಕರೆಂದರೆ ನನಗೆ ಚಿಕ್ಕಂದಿನಿಂದಲೂ ಪ್ರೀತಿ. ಆದರೆ ಇಂದು ಭಾನುವಾರ, ಡೊಂಬಿವಲಿಯಿಂದ ಸುಮತಿ ಅತ್ತೆ ಊಟಕ್ಕೆ ಬರುವವಳಿದ್ದಾಳೆ. ಅವಳು ಬಂದರೆ ಮೊದಲು ಕಿಟಕಿಯನ್ನು ನೋಡಿ ಆಮೇಲೆ ನನ್ನನ್ನು ನೋಡುವವಳು. ಹಾಗಾಗಿ ಈ ಶೌರ್ಯ.

ಡಬ್ಬಿಯಲ್ಲಿ ಪಾನಾಗಳನ್ನು, ಅಂದರೆ ಸ್ಪ್ಯಾನರುಗಳನ್ನು, ಸರಿಸುತ್ತಿದ್ದಾಗ ಅಡಿಯಿಂದ ಒಂದು ನೀಲಿ ತುಂಡು ಸಿಕ್ಕಿತು. ದರ್ಜಿಗಳು ಬಟ್ಟೆಗೆ ಗುರುತು ಹಾಕುತ್ತಾರಲ್ಲ, ಆ ಚಪ್ಪಟೆ ಸೀಮೆಸುಣ್ಣ. ಒಂದು ಅಂಚು ಸವೆದಿದೆ, ಇನ್ನೊಂದು ಅಂಚಿಗೆ ಗ್ರೀಸು ಮೆತ್ತಿದೆ. ಮೂಸಿ ನೋಡಿದೆ. ದರ್ಜಿಯ ಅಂಗಡಿ ಮತ್ತು ಗ್ಯಾರೇಜು ಮದುವೆಯಾದರೆ ಹುಟ್ಟುವ ಮಗುವಿಗೆ ಎಂಥ ವಾಸನೆ ಇರಬಹುದೋ ಅಂಥ ವಾಸನೆ.

ಪಾನಾಗಳ ನಡುವೆ ದರ್ಜಿಯ ಸುಣ್ಣಕ್ಕೆ ಏನು ಕೆಲಸ ಎಂದು ನೀವು ಕೇಳಬಹುದು. ಕೇಳದಿದ್ದರೂ ಹೇಳುತ್ತೇನೆ. ಕಂಬಿ ಹಾಕುವುದನ್ನು ಮುಂದೂಡಲು ಇದಕ್ಕಿಂತ ಒಳ್ಳೆಯ ನೆಪ ನನಗೆ ಸಿಗುವುದಿಲ್ಲ.

ಸುಮತಿ ಅತ್ತೆ ಅಪ್ಪನ ತಂಗಿ. ಉಡುಪಿಯ ಕಡೆಯಿಂದ ಬಂದು, ಡೊಂಬಿವಲಿಯ ನಮ್ಮ ಮನೆಯಲ್ಲೇ ಇದ್ದು, ಬೇಲಾಪುರದ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದವಳು. ಎತ್ತರ ಕಡಿಮೆ, ದನಿ ಹೆಚ್ಚು. ಅವಳಲ್ಲಿ ಒಂದು ಮೋಟರ್‌ಸೈಕಲ್ಲಿತ್ತು. ಸ್ಕೂಟರಲ್ಲ, ಗಮನಿಸಿ. ತೊಂಬತ್ತರ ದಶಕದ, ಹೊಗೆ ಬಿಡುವ, ಒದ್ದರೆ ಮಾತ್ರ ಮಾತಾಡುವ ಗಾಡಿ. ಸಹೋದ್ಯೋಗಿಯೊಬ್ಬರು ಊರಿಗೆ ವಾಪಸಾಗುವಾಗ ಅವಳಿಗೆ ಕೊಟ್ಟುಹೋಗಿದ್ದರು. ಹೆಂಗಸರಿಗೆ ಸ್ಕೂಟರು ಚಂದವಲ್ಲವೇ ಎಂದು ಯಾರಾದರೂ ಕೇಳಿದರೆ ಅವಳ ಉತ್ತರ ತಯಾರಿತ್ತು: "ಸ್ಕೂಟರಿನ ಚಕ್ರ ಇಡ್ಲಿಯಷ್ಟು, ಶಿಳ್ ಫಾಟಾದ ಗುಂಡಿ ಬಾವಿಯಷ್ಟು. ಇಡ್ಲಿ ಬಾವಿಗೆ ಬಿದ್ರೆ ತೆಗಿಲಿಕ್ಕೆ ನೀವು ಬರ್ತೀರಾ?"

ಸಲ್ವಾರಿನ ಮೇಲೆ ಅಪ್ಪನ ಹಳೆಯ ತುಂಬುತೋಳಿನ ಶರ್ಟು ಹಾಕಿಕೊಂಡು ಅವಳು ದಿನಾ ಶಿಳ್ ಫಾಟಾ, ಮಹಾಪೆ ದಾಟಿ ಬೇಲಾಪುರಕ್ಕೆ ಹೋಗಿ ಬರುತ್ತಿದ್ದಳು. ಲೋಕಲ್ಲಿನಲ್ಲಿ ಹೋದರೆ ಡೊಂಬಿವಲಿಯಿಂದ ಠಾಣೆಗೆ ಒಂದು, ಅಲ್ಲಿಂದ ವಾಶಿಯ ಕಡೆಗೆ ಇನ್ನೊಂದು, ಅಲ್ಲಿಂದ ಬೇಲಾಪುರಕ್ಕೆ ಮತ್ತೊಂದು. ಡೊಂಬಿವಲಿಯಲ್ಲಿ ಬೆಳಗ್ಗೆ ರೈಲು ಹತ್ತುವುದೆಂದರೆ ನಾವು ಹತ್ತುವುದಲ್ಲ, ನಮ್ಮನ್ನು ಹತ್ತಿಸಲಾಗುತ್ತದೆ. ಅತ್ತೆಯ ಎತ್ತರಕ್ಕೆ ಲೇಡೀಸ್ ಡಬ್ಬಿಯಲ್ಲಿ ಸಿಗುವುದು ಬೇರೆಯವರ ಚೀಲ ಮತ್ತು ಮೊಣಕೈ. ಗಾಳಿ ಮೇಲಿನವರ ಪಾಲು. ಒಮ್ಮೆ ಮುಂಬ್ರಾ ಬರುವಷ್ಟರಲ್ಲಿ ತಲೆತಿರುಗಿ ಬಿದ್ದವಳು. ಬಿದ್ದವಳು ಎನ್ನುವುದೂ ತಪ್ಪು, ಬೀಳಲು ಜಾಗವಿರಲಿಲ್ಲ. ನಿಂತಲ್ಲೇ ಎಚ್ಚರ ತಪ್ಪಿ ನಿಂತೇ ಇದ್ದಳು. ಠಾಣೆಯಲ್ಲಿ ಜನ ಇಳಿದಾಗಲೇ ಗೊತ್ತಾದದ್ದು. ಆಮೇಲೆಯೇ ಈ ಗಾಡಿ ಬಂದದ್ದು.

ಈ ಗಾಡಿಯ ಚಿಮಟಾ ಒಂದು ಮಳೆಗಾಲದಲ್ಲಿ ಸೀಳಿತು. ಚಿಮಟಾ ಎಂದರೆ ಹಿಂದಿನ ಚಕ್ರವನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ಗುಂಡಿ ಬಂದಾಗ ಚಕ್ರದೊಂದಿಗೆ ಮೇಲೆ ಕೆಳಗೆ ಆಡುವ ಕಬ್ಬಿಣದ ಕವಲು. ಸ್ವಿಂಗ್ ಆರ್ಮ್ ಎಂದು ಅದರ ಕಾಲೇಜಿನ ಹೆಸರು. ಗ್ಯಾರೇಜಿನವರು ಕರೆಯುವುದು ಚಿಮಟಾ. ಪ್ರತಿ ಮಳೆಗಾಲದಲ್ಲೂ ನಮ್ಮ ವಸತಿ ಸೊಸೈಟಿಯ ಪಾರ್ಕಿಂಗಿನಲ್ಲಿ ನೀರು ನಿಲ್ಲುತ್ತಿತ್ತು; ತುಕ್ಕು ಒಳಗಿಂದೊಳಗೆ ತಿಂದಿತ್ತು. ಅತ್ತೆ ಬೀಳಲಿಲ್ಲ. ಬಾಲ ಆಡಿಸುವ ಗಾಡಿಯನ್ನು ಮಳೆಯಲ್ಲಿ ತಳ್ಳಿಕೊಂಡು ಬಂದು ನಿಲ್ಲಿಸಿ, "ಎಂಚಿನ ಸಾವುಯಾ ಉಂದು", ಇದೆಂಥ ಸಾವು ಎಂದು ತುಳುವಿನಲ್ಲಿ ಒಂದು ಸಲ ಬೈದು, ಸ್ನಾನಕ್ಕೆ ಹೋದಳು. ಸಿಟ್ಟು ಪೂರ್ತಿ ಬಂದಾಗ ಮಾತ್ರ ಅವಳಿಗೆ ತುಳು.

ಅಪ್ಪನಿಗೆ ಇದು ದೇವರೇ ಕೊಟ್ಟ ಸೂಚನೆ. ಅಪ್ಪ ವಾಕ್ಯದ ಕೊನೆಯ ಶಬ್ದವನ್ನು ನುಂಗಿ ಮಾತಾಡುವ ಮನುಷ್ಯ. "ಸಾಕು ಸುಮತಿ, ಇನ್ನು ಆ ಗಾಡಿ... ಲೋಕಲ್ ಉಂಟಲ್ಲ, ಎಲ್ಲರೂ ಅದರಲ್ಲೇ..." ಎಂದರು. ಕಲ್ಯಾಣದ ಮೆಕ್ಯಾನಿಕ್ ಪಾಟೀಲ್ ದಾದಾ ಬಂದು ಬಗ್ಗಿ ನೋಡಿ, "ತಾಈ, ಸೋಡಾ. ಭಂಗಾರ್ ಆಹೇ" ಎಂದ. ಅಕ್ಕಾ, ಬಿಟ್ಟುಬಿಡಿ, ಇದು ಗುಜರಿ ಎಂದು. ಅಷ್ಟು ಹಳೆಯ ಮಾದರಿಯ ಚಿಮಟಾ ಈಗ ಕಂಪನಿಯಲ್ಲೂ ಸಿಗುವುದಿಲ್ಲ, ಬೇರೆಲ್ಲೂ ಸಿಗುವುದಿಲ್ಲ.

"ಹೊಸ ಮಾಡೆಲಿನದ್ದು ಹಾಕಿದರೆ?" ಎಂದಳು ಅತ್ತೆ.

ಪಾಟೀಲ್ ದಾದಾ ನಕ್ಕ. "ಮ್ಹಾತಾರೀಲಾ ಜೀನ್ಸ್!"

ಮುದುಕಿಗೆ ಜೀನ್ಸು. ನಾನು ಬಿದ್ದು ಬಿದ್ದು ನಕ್ಕೆ, ಆ ನಗುವನ್ನೂ ಪಾಟೀಲ್ ದಾದಾನ ದನಿಯಲ್ಲೇ ನಕ್ಕೆ. ಅತ್ತೆ ನನ್ನ ಕಡೆ ತಿರುಗಿದಳು. "ನಗು ಮುಗೀತಾ? ಆಗುದಿಲ್ಲ ಅಂತ ಎಲ್ಲರೂ ಹೇಳಿ ಮುಗಿಸಲಿ. ಮತ್ತೆ ನಾವು ಶುರು ಮಾಡುವ."

ಆ 'ನಾವು' ಎನ್ನುವುದರಲ್ಲಿ ನಾನಿದ್ದೇನೆ ಎಂದು ನನಗೆ ಸ್ವಲ್ಪ ತಡವಾಗಿ ಗೊತ್ತಾಯಿತು.

ಹೇಳಿ ಮುಗಿಸುವವರಲ್ಲಿ ಒಬ್ಬರು ಬಾಕಿ ಇದ್ದರು: ಸೊಸೈಟಿಯ ಸೆಕ್ರೆಟರಿ ಜೋಗಳೇಕರ್ ಕಾಕಾ. ಅವರ ಪ್ರತಿ ದೂರೂ "ಮಾಝಾ ಕಾಹೀ ನಾಹೀ, ಪಣ..." ಎಂದೇ ಶುರುವಾಗುತ್ತಿತ್ತು. ನನಗೇನೂ ಇಲ್ಲ, ಆದರೆ. ಆ 'ಆದರೆ'ಯಲ್ಲಿ ಅರ್ಧ ಸೊಸೈಟಿ ಹೂತುಹೋಗಿದೆ. ಈ ಸಲ ಅವರಿಗೆ ಏನೂ ಇರಲಿಲ್ಲ, ಆದರೆ ಗಣಪತಿಯ ಮಂಟಪ ಏಳುವುದು ಸರಿಯಾಗಿ ನಮ್ಮ ಗಾಡಿ ನಿಂತ ಜಾಗದಲ್ಲಿ. ಬಿದಿರು ಬರುವ ಭಾನುವಾರದೊಳಗೆ ಗಾಡಿ ತನ್ನ ಕಾಲ ಮೇಲೆ ಹೊರಡದಿದ್ದರೆ ಭಂಗಾರದವನ ಕೈಗಾಡಿಯಲ್ಲಿ ಹೊರಡಬೇಕು.

ಅಪ್ಪ ಇದಕ್ಕೆ ತನ್ನದೊಂದು ಷರತ್ತು ಸೇರಿಸಿದರು. "ಹೊರಟರೆ ಸಾಲದು. ನನ್ನನ್ನು ಹಿಂದೆ ಕೂರಿಸಿಕೊಂಡು ಶಿಳ್ ಫಾಟಾದವರೆಗೆ ಹೋಗಿ... ಒಂದು ಸಲ ಅಲುಗಿದರೂ ನಾನೇ ಭಂಗಾರಿಗೆ..."

"ಒಪ್ಪಿದೆ. ಅಲುಗಿದರೆ ಮರುದಿನದಿಂದ ಲೋಕಲ್ಲು" ಎಂದಳು ಅತ್ತೆ. ಅಪ್ಪನ ಹೊಟ್ಟೆಯನ್ನು ಒಮ್ಮೆ ನೋಡಿದಳು, ಏನೋ ಲೆಕ್ಕ ಹಾಕಿದಳು, ಮತ್ತೆ ಹೇಳಿದಳು, "ಒಪ್ಪಿದೆ."

ಹೊಸ ಮಾದರಿಯ ಚಿಮಟಾ ಕಲ್ಯಾಣದ ಪತ್ರಿಪೂಲದ ಹತ್ತಿರದ ಗುಜರಿಯಲ್ಲಿ ಸಿಕ್ಕಿತು. ಅಪಘಾತವಾದ ಯಾವುದೋ ಗಾಡಿಯದ್ದು. ಮುಂಭಾಗ ಹಪ್ಪಳವಾಗಿದ್ದರೂ ಹಿಂಭಾಗ ನವವಧುವಿನಂತಿತ್ತು. ಹಳೆಯದು ದುಂಡು ಕೊಳವೆಯದ್ದು, ಹೊಸದು ಚೌಕ ಪೆಟ್ಟಿಗೆಯಂತೆ ದಪ್ಪ. ಅದನ್ನು ಲೋಕಲ್ಲಿನಲ್ಲಿ ನಾನೇ ತಂದೆ. ಡಬ್ಬಿಯಲ್ಲಿದ್ದವರೆಲ್ಲ ಜಾಗ ಬಿಟ್ಟರು. ಆ ದಾರಿಯ ಲೋಕಲ್ಲಿನಲ್ಲಿ ಅಷ್ಟು ಜಾಗ ನನಗೆ ಯಾರೂ ಯಾವತ್ತೂ ಬಿಟ್ಟಿರಲಿಲ್ಲ, ಇನ್ನು ಮುಂದೆ ಚಿಮಟಾ ಹಿಡಿದೇ ಕಾಲೇಜಿಗೆ ಹೋಗುವುದೆಂದು ಅಂದುಕೊಂಡೆ.

ತೊಂದರೆ ಬಂದದ್ದು ಅಗಲದಲ್ಲಿ. ಚಿಮಟಾದ ಮುಂದಿನ ತುದಿಯಲ್ಲಿ ಒಂದು ಅಡ್ಡ ಕೊಳವೆ ಇರುತ್ತದೆ. ಅದು ಗಾಡಿಯ ಎಲುಬುಗೂಡಿನ ಎರಡು ಕಿವಿಗಳ ನಡುವೆ ಕೂರಬೇಕು, ಕಿವಿಗಳ ಮೂಲಕ ಉದ್ದ ಬೋಲ್ಟು ಹಾದುಹೋಗಬೇಕು. ಹೊಸದರ ಕೊಳವೆ ಆ ಸಂದಿಗಿಂತ ಸ್ವಲ್ಪ ಅಗಲ. ಲೇತಿನಲ್ಲಿ ಸವರಿಸಬೇಕು. ಎಷ್ಟು ಸವರಬೇಕೆಂಬುದು ಅಳತೆಪಟ್ಟಿಗೆ ಗೊತ್ತು. ಎಲ್ಲಿ ಸವರಬೇಕೆಂಬುದನ್ನು ಮನುಷ್ಯರು ಹೇಳಬೇಕು.

ಮನೆಯವರೆಲ್ಲರ ಬ್ಲೌಸುಗಳನ್ನು ದೊಡ್ಡದು ಸಣ್ಣದು ಮಾಡಿಕೊಡುವವಳು ಅತ್ತೆ. ಹೊಲಿಗೆಯ ಡಬ್ಬಿಯಿಂದ ನೀಲಿ ಸುಣ್ಣ ತಂದು, ಕೊಳವೆಯನ್ನು ತಿರುಗಿಸಿ ನೋಡಿ, ಚೈನು ಇಲ್ಲದ ಬದಿಯಲ್ಲಿ ಒಂದು ಗೆರೆ ಎಳೆದಳು.

"ಒಂದೇ ಬದಿಯಾ?" ಎಂದೆ.

"ಬ್ಲೌಸು ಸಣ್ಣ ಮಾಡುವಾಗ ಹುಕ್ಕಿನ ಬದಿ ಯಾರಾದರೂ ಮುಟ್ತಾರಾ? ಚೈನಿನ ಬದಿ ಅಂದ್ರೆ ಹುಕ್ಕಿನ ಬದಿ. ತೆಗೆಯುವುದಾದರೆ ಈ ಕಡೆಯಿಂದ ತೆಗೆ."

ನನಗೆ ಅದು ಎಷ್ಟು ಸರಿಯೆನಿಸಿತೆಂದರೆ ಮುಂದಿನ ಪ್ರಶ್ನೆ ಹುಟ್ಟಲೇ ಇಲ್ಲ. ಭಿವಂಡಿಯಲ್ಲಿ ಮಗ್ಗಗಳ ಬಿಡಿಭಾಗ ಮಾಡುವ ಅನ್ವರ್ ಚಾಚಾನ ಲೇತಿಗೆ ಕೊಂಡುಹೋದೆ. "ಮೈಂ ಲೂಮ್ ಕಾ ಕಾಮ್ ಕರ್ತಾ ಹೂಂ, ಗಾಡಿ ಕಾ ನಹೀಂ", ನನ್ನದು ಮಗ್ಗದ ಕೆಲಸ, ಗಾಡಿಯದ್ದಲ್ಲ ಎಂದು ಶುರುಮಾಡಿದ ಚಾಚಾ, ಭಿವಂಡಿಯ ಎಲ್ಲ ಮಗ್ಗಗಳೂ ತನ್ನ ಕೈ ಸೋಕಿಯೇ ನಡೆಯುತ್ತಿವೆಯೆಂದು ಹೇಳಿ ಮುಗಿಸುವಷ್ಟರಲ್ಲಿ ಎರಡು ಚಹಾ ಆಗಿತ್ತು. ಪಕ್ಕದ ಮಗ್ಗದ ಖಟಾಖಟವನ್ನು ನಾನು ಬಾಯಲ್ಲಿ ಮಾಡಿ ತೋರಿಸಿದೆ. ಚಾಚಾ ಖುಷಿಯಾಗಿ, ನೀಲಿ ಗೆರೆಯನ್ನು ನೋಡಿ, "ವಾಹ್, ದರ್ಜಿ ನೇ ನಾಪ್ ಲಿಯಾ ಕ್ಯಾ?", ಅಳತೆ ತೆಗೆದದ್ದು ದರ್ಜಿಯಾ ಎಂದು ಕಿಚಾಯಿಸಿ, ಗೆರೆಯ ಮೇಲೆ ಬೆಣ್ಣೆಯಂತೆ ಸವರಿಕೊಟ್ಟ.

ಕೂರಿಸಿದೆವು. ಕೂತಿತು. ಬೋಲ್ಟು ಹಾದುಹೋದಾಗ ಅತ್ತೆ ಚಪ್ಪಾಳೆ ಹೊಡೆದಳು. ಶಾಕ್ ಅಬ್ಸಾರ್ಬರು ಬಿಗಿದು, ಬ್ರೇಕಿನ ಕಡ್ಡಿಗೆ ತೂತು ಹೊಸದಾಗಿ ಕೊರೆಸಿ, ಚೈನಿಗೆ ಎರಡು ಕೊಂಡಿ ಸೇರಿಸಿ, ಆಮೇಲೆ ಒದ್ದರೆ ಗಾಡಿ ಎದ್ದಿತು. ಹಿಂಭಾಗ ಸ್ವಲ್ಪ ಎತ್ತರವಾಗಿ ಅತ್ತೆಯ ಕಾಲು ನೆಲಕ್ಕೆ ತಾಗದಾಯಿತು. ಮರುದಿನ ಅವಳು ಸ್ಟೇಷನ್ನಿನ ಮೋಚಿಯ ಹತ್ತಿರ ಚಪ್ಪಲಿಗೆ ಹೆಚ್ಚಿನ ಅಟ್ಟೆ ಹಾಕಿಸಿಕೊಂಡು ಬಂದಳು. ಗಾಡಿಯನ್ನು ತಗ್ಗಿಸಲಾಗದಿದ್ದರೆ ತಾನು ಎತ್ತರವಾಗುವುದು. ಇದೂ ಒಂದು ತತ್ವಜ್ಞಾನ.

ಪಾರ್ಕಿಂಗಿನಲ್ಲಿ ಒಂದು ಸುತ್ತು ಹೊಡೆದು ಬಂದಳು. ಇಳಿದವಳ ಮುಖ ಇಳಿದಿತ್ತು. "ಒಂದು ಶಬ್ದ ಬರ್ತದೆ ಮಾರಾಯ."

ಪಾಟೀಲ್ ದಾದಾನಿಗೆ ಫೋನು ಮಾಡಿದೆವು. ಅವನು ಬರಲೊಲ್ಲ, ಶಬ್ದ ಹೇಗಿದೆ, ಕೇಳಿಸು ಎಂದ. ಇಲ್ಲಿ ನನ್ನ ಬಗ್ಗೆ ಒಂದು ಮಾತು. ಡೊಂಬಿವಲಿಯ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಮಿಮಿಕ್ರಿಗೆ ನನ್ನ ಹೊರತು ಬೇರೆ ಗತಿಯಿರಲಿಲ್ಲ. ಅಪ್ಪ, ಜೋಗಳೇಕರ್ ಕಾಕಾ, ಠಾಣೆ ಸ್ಟೇಷನ್ನಿನ ಧ್ವನಿವರ್ಧಕ, ಎಲ್ಲರೂ ನನ್ನ ಗಂಟಲಲ್ಲೇ ವಾಸ. ಮೋಟರ್‌ಸೈಕಲ್ಲಿನ ಶಬ್ದವೇನು ಮಹಾ? ಫೋನಿಗೆ ಬಾಯಿಟ್ಟು ಮಾಡಿದೆ: ಗರ್ರ್, ಖಡಕ್, ಗರ್ರ್, ಖಡಕ್, ಖಡಕ್. ಕೊನೆಯ ಖಡಕ್ಕಿಗೆ ಎದುರು ಮಾಳಿಗೆಯಲ್ಲಿ ಯಾರೋ ನಕ್ಕರು. ಅವರಿಗಾಗಿ ಇನ್ನೊಂದು ಸೇರಿಸಿದೆ.

"ಗಿಯರ್ ಬಾಕ್ಸ್ ಗೇಲಾ" ಎಂದ ಪಾಟೀಲ್ ದಾದಾ. ಗಿಯರ್ ಬಾಕ್ಸೇ ಹೋಗಿದೆ. "ಆತಾ ತರೀ ಸೋಡಾ, ತಾಈ." ಇನ್ನಾದರೂ ಬಿಡಿ.

ಫೋನಿಟ್ಟ ಮೇಲೆ ಅತ್ತೆ ಗಾಡಿಯ ಸೀಟಿಗೆ ಒರಗಿ ನಿಂತಳು. ಅಂದು ಶನಿವಾರ. ಗೇಟಿನ ಹೊರಗೆ ಮಂಟಪದ ಗುತ್ತಿಗೆದಾರ ಜಾಗ ಅಳೆಯುತ್ತಿದ್ದ. ಗಿಯರ್ ಬಾಕ್ಸು ಬಿಚ್ಚಿ ಜೋಡಿಸಲು ಒಂದು ದಿನ ಎಲ್ಲಿಗೂ ಸಾಲದು. ಅವಳು ಸೋತಳೆಂದೇ ನಾನು ತಿಳಿದೆ. ಸಮಾಧಾನದ ಮಾತನ್ನು ಯಾರ ದನಿಯಲ್ಲಿ ಹೇಳಿದರೆ ಚಂದವೆಂದು ಯೋಚಿಸುತ್ತಿದ್ದೆ.

"ಅದು ಹಾಗೆ ಕೂಗುವುದಿಲ್ಲ" ಎಂದಳು.

"ಯಾವುದು?"

"ಗಾಡಿ. ನೀನು ಮಾಡಿದ ಹಾಗೆ ಅದು ಕೂಗುವುದಿಲ್ಲ. ನೀನು ಮಸಾಲೆ ಹಾಕಿದಿ."

"ಅತ್ತೆ, ಮಿಮಿಕ್ರಿ ಅಂದ್ರೆ..."

"ನನ್ನದೂ ಹಾಗೇ ಮಾಡ್ತಿ. ಸಂಘದಲ್ಲಿ ಆ ದಿನ ಮೂಗಿನಲ್ಲಿ 'ಹ್ಞಾಂ ಹ್ಞಾಂ' ಅಂದು ಎಲ್ಲರನ್ನೂ ನಗಿಸಿದಿಯಲ್ಲ, ನಾನು ಹಾಗೆ ಮಾತಾಡ್ತೇನಾ? ನೀನು ಕೇಳುವುದು ಶಬ್ದವನ್ನಲ್ಲ ಮಾರಾಯ, ನಗುವವರನ್ನು. ಈಗ ಇಲ್ಲಿ ನಗುವವರು ಯಾರೂ ಇಲ್ಲ. ಕೂತ್ಕೊ. ಕೇಳು. ಅದು ಎಷ್ಟು ಹೇಳ್ತದೋ ಅಷ್ಟೇ ಮಾಡು."

 

ಗಾಡಿಯನ್ನು ದೊಡ್ಡ ಸ್ಟ್ಯಾಂಡಿಗೆ ಹಾಕಿ ಇಂಜಿನ್ನು ಬಂದ್ ಮಾಡಿದಳು. ಹಿಂದಿನ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿದಳು. ನಾನು ಚಕ್ರದ ಪಕ್ಕ ಕುಕ್ಕುರುಗಾಲಲ್ಲಿ ಕೂತೆ. ಮೊದಲು ಏನೂ ಕೇಳಲಿಲ್ಲ. ಆಮೇಲೆ ಒಂದು ಟಿಕ್. ಖಡಕ್ ಅಲ್ಲ; ಪಾಪ, ಬಡ ಟಿಕ್. ಬಳೆ ಕಿಟಕಿಗೆ ತಾಗಿದಷ್ಟು.

ಅದರೊಂದಿಗೆ ನಾನೂ ಬಾಯಲ್ಲಿ ಟಿಕ್ ಎನ್ನತೊಡಗಿದೆ, ಒಂದು ಚೂರೂ ಸೇರಿಸದೆ. ಇದು ಎಷ್ಟು ಕಷ್ಟವೆಂದು ನಿಮಗೆ ಹೇಗೆ ಹೇಳಲಿ? ನಾಲಗೆ ತಾನಾಗಿ ಓಡುತ್ತದೆ, ಟಿಕ್ಕನ್ನು ಟಕ್ಕು ಮಾಡುತ್ತದೆ, ಟಕ್ಕಿಗೆ ಬಾಲ ಹಚ್ಚುತ್ತದೆ. ಹಿಡಿದು ನಿಲ್ಲಿಸಿದೆ. ಚಕ್ರ ಒಂದು ಸುತ್ತು ಬಂತು, ಟಿಕ್ ಇಲ್ಲ. ನಾನು ಬಾಯಿ ತೆರೆದವನು ಮುಚ್ಚಿದೆ. ಇನ್ನೊಂದು ಸುತ್ತು, ಇಲ್ಲ. ಮೂರನೆಯದರ ನಡುವೆ, ಟಿಕ್. ಮತ್ತೆ ಅಷ್ಟೇ ಕಾದು, ಟಿಕ್.

"ಅತ್ತೆ, ಇದು ಚಕ್ರಕ್ಕಿಂತ ನಿಧಾನ ಬರ್ತದೆ. ಗಿಯರ್ ಬಾಕ್ಸಿನೊಳಗಿನ ಹಲ್ಲುಗಳೆಲ್ಲ ಚಕ್ರಕ್ಕಿಂತ ಜೋರಾಗಿ ತಿರುಗುವಂಥವು."

"ಮತ್ತೆ ಚಕ್ರಕ್ಕಿಂತ ನಿಧಾನ ಸುತ್ತುವುದು ಎಂತ ಉಂಟು ಇದರಲ್ಲಿ?"

ಇಬ್ಬರೂ ಒಟ್ಟಿಗೆ ಚೈನನ್ನು ನೋಡಿದೆವು.

ಚೈನು ಒಂದು ಪೂರ್ತಿ ಸುತ್ತು ಬರುವಷ್ಟರಲ್ಲಿ ಚಕ್ರ ಎರಡೂವರೆ ಸುತ್ತು ಮುಗಿಸಿರುತ್ತದೆ. ಚೈನಿನ ಎರಡು ತುದಿಗಳನ್ನು ಸೇರಿಸುವಲ್ಲಿ ಒಂದು ಲಾಕು ಇದೆ, ಅದಷ್ಟೇ ಮೈಯಿಂದ ಕೊಂಚ ಹೊರಗೆ ಚಾಚಿರುತ್ತದೆ. ಆ ಲಾಕು ಬರುವಾಗಲೆಲ್ಲ ದಪ್ಪ ಚಿಮಟಾದ ಒಳಮೈಗೆ ತಾಗುತ್ತಿತ್ತು. ಅಲ್ಲಿ ಬಣ್ಣ ಹೋಗಿ ಕಬ್ಬಿಣ ಹೊಳೆಯುತ್ತಿತ್ತು. ಒಂದೇ ಬದಿ ಸವರಿದ್ದರಿಂದ ಇಡೀ ಚಿಮಟಾ ಆ ಬದಿಗೆ ಜರುಗಿ, ಚೈನಿನ ಬದಿಯ ತೋಳು ಒಳಕ್ಕೆ ಬಂದುಬಿಟ್ಟಿತ್ತು. ಹುಕ್ಕಿನ ಬದಿಯನ್ನು ಮುಟ್ಟದಿದ್ದದ್ದಕ್ಕೆ ಹುಕ್ಕೇ ಕಚ್ಚುತ್ತಿತ್ತು.

ನಾನು ಅತ್ತೆಯ ಮುಖ ನೋಡಿದೆ. ಅವಳು ನೀಲಿ ಸುಣ್ಣದ ತುಂಡನ್ನು ನೋಡಿದಳು. "ಗಾಡಿಗೆ ಹುಕ್ಕು ಎರಡೂ ಬದಿ ಉಂಟು ಕಾಣ್ತದೆ" ಎಂದಳು. ತಪ್ಪೊಪ್ಪಿಗೆ ಅಲ್ಲಿಗೆ ಮುಗಿಯಿತು. ಚಿಮಟಾವನ್ನು ಮತ್ತೆ ಬಿಚ್ಚಿ, ಚೈನಿನ ಬದಿಯಲ್ಲಿ, ತೆಗೆದದ್ದರ ಅರ್ಧದಷ್ಟು ಒಳಕ್ಕೆ, ಹೊಸ ಗೆರೆ ಎಳೆದಳು. ಆ ಬದಿ ಅರ್ಧ ಸವರಿ, ಈ ಬದಿಗೆ ಅಷ್ಟೇ ದಪ್ಪದ ವಾಷರಿನ ಬಿಲ್ಲೆ ಕೊಟ್ಟರೆ ಚಿಮಟಾ ನಡುವಿಗೆ ಬರುತ್ತದೆ.

ಅನ್ವರ್ ಚಾಚಾನಿಗೆ ಫೋನು ಮಾಡಿದರೆ, "ಲೈಟ್ ನಹೀಂ ಹೈ, ಬೇಟಾ. ಆಜ್ ಪೂರಾ ಭಿವಂಡಿ ಬಂದ್." ಕರೆಂಟಿಲ್ಲ, ಲೇತಿಲ್ಲ.

ಈಗ ಖಂಡಿತ ಮುಗಿಯಿತೆಂದುಕೊಂಡೆ. ಅತ್ತೆ ಮೇಲೆ ಹೋಗಿ ಎರಡು ಅರ ತಂದಳು. ಒಂದು ಅಪ್ಪನ ಡಬ್ಬಿಯದ್ದು, ಇನ್ನೊಂದು ಅಜ್ಜಿ ಈಳಿಗೆ ಮಣೆ ಹರಿತ ಮಾಡುತ್ತಿದ್ದದ್ದು. ಇಬ್ಬರೂ ಎದುರುಬದುರು ಕೂತು ಉಜ್ಜಿದೆವು. ಕಬ್ಬಿಣ ಸವೆಯುತ್ತದೆ ಎಂದು ನಾನು ಓದಿದ್ದೆ; ಅಂದು ನೋಡಿದರೆ ಸವೆಯುತ್ತಿದ್ದದ್ದು ನನ್ನ ಅಂಗೈ. ಅವಳು ಉಜ್ಜಿದಳು, ನಾನು ಉಜ್ಜಿದೆ, ಅವಳು ಅಳೆದಳು, "ಇನ್ನೂ ಉಂಟು" ಎಂದಳು, ಮತ್ತೆ ಉಜ್ಜಿದೆವು. ಜೋಗಳೇಕರ್ ಕಾಕಾ ಬಂದು ನಿಂತರು. "ಮಾಝಾ ಕಾಹೀ ನಾಹೀ, ಪಣ ನಾಳೆ ಬಿದಿರು..."

"ನಾಳೆ ತಾನೆ ಕಾಕಾ?" ಎಂದಳು ಅತ್ತೆ ತಲೆಯೆತ್ತದೆ. "ಇವತ್ತು ಇನ್ನೂ ಇವತ್ತೇ."

ಸಂಜೆಗೆ ಚಿಮಟಾ ಕೂತಿತು. ಚಕ್ರ ನೇರ ಇದೆಯೇ ಎಂದು ತಿಳಿಯಲು ಅತ್ತೆ ಹೊಲಿಗೆಯ ದಾರಕ್ಕೆ ನೀಲಿ ಸುಣ್ಣ ತಿಕ್ಕಿದಳು. ಹಿಂದಿನ ಚಕ್ರದ ಬದಿಗೆ ತಾಗಿಸಿ ಮುಂದಿನವರೆಗೆ ನಾವಿಬ್ಬರೂ ಬಿಗಿಯಾಗಿ ಹಿಡಿದು ನೆಲದ ಮೇಲೆ ಮಿಡಿದೆವು; ಗೆರೆ ಮೂಡಿತು. ಇನ್ನೊಂದು ಬದಿಗೂ ಅಷ್ಟೇ. ಮುಂದಿನ ಚಕ್ರ ಎರಡು ಗೆರೆಗಳ ನಡುವೆ ಸರಿಸಮ ನಿಂತಿತ್ತು. ಮರುದಿನ ಬೆಳಗ್ಗೆ ಸೊಸೈಟಿಯ ಹೆಂಗಸರು ಆ ನೀಲಿ ಗೆರೆಗಳನ್ನು ದಾಟದೆ ಸುತ್ತು ಹಾಕಿಕೊಂಡು ಹಾಲಿಗೆ ಹೋದರು. ಯಾರೋ ಮಾಟ ಮಾಡಿಸಿದ್ದಾರೆಂದು ಸುದ್ದಿ. ಜೋಗಳೇಕರ್ ಕಾಕಾರ ಮನೆಯ ಕಡೆಗೇ ಅದು ತಿರುಗಿದೆ ಎಂದು ಸುದ್ದಿಗೆ ಮಸಾಲೆ ಹಾಕಿದ್ದು ಯಾರೆಂದು ನಾನು ಹೇಳುವುದಿಲ್ಲ.

ಬಿದಿರಿನ ಟೆಂಪೋ ಬಂತು. ಅದರ ಹಿಂದೆಯೇ ಭಂಗಾರದವನ ಕೈಗಾಡಿ. ಅಪ್ಪ ಹೆಲ್ಮೆಟ್ಟು ಹಾಕಿಕೊಂಡು, ಮನೆದೇವರನ್ನು ನೆನೆದು, ಹಿಂದೆ ಹತ್ತಿ ಕೂತರು. ಸ್ಪ್ರಿಂಗು ಒಮ್ಮೆ ನಿಟ್ಟುಸಿರು ಬಿಟ್ಟಿತು. ಅತ್ತೆ ದಪ್ಪ ಅಟ್ಟೆಯ ಚಪ್ಪಲಿಯಿಂದ ಒದ್ದಳು. ಗೇಟು ದಾಟಿ ಹೋದರು. ನಾನು ಬಿದಿರಿನ ರಾಶಿಯ ಮೇಲೆ ಕೂತು ಕಾದೆ. ಜೋಗಳೇಕರ್ ಕಾಕಾ ಬಂದು ಪಕ್ಕದಲ್ಲೇ ಕೂತರು. ಯಾರನ್ನೂ ಅಣಕಿಸಬೇಕೆನಿಸಲಿಲ್ಲ. ರಸ್ತೆಯ ಕಡೆ ಕಿವಿಯಿಟ್ಟು ಕೂತಿದ್ದೆ, ಅಷ್ಟೆ.

ಗಾಡಿ ಕಾಣುವ ಮೊದಲೇ ಕೇಳಿಸಿತು. ಟಿಕ್ ಇಲ್ಲ.

ಅಪ್ಪ ಇಳಿದರು. ಹೆಲ್ಮೆಟ್ಟು ತೆಗೆದರು. ಚಿಮಟಾವನ್ನು ನೋಡಿದರು, ತಂಗಿಯನ್ನು ನೋಡಿದರು. ಗಂಟಲು ಸರಿಮಾಡಿಕೊಂಡು, ನನ್ನ ನೆನಪಿನಲ್ಲಿ ಅದೊಂದೇ ಸಲ, ವಾಕ್ಯವನ್ನು ಪೂರ್ತಿ ಹೇಳಿದರು: "ಸೀಟು ಸ್ವಲ್ಪ ಎತ್ತರವಾಗಿದೆ, ಉಳಿದದ್ದೆಲ್ಲ ಸರಿಯಿದೆ."

ಭಂಗಾರದವನು ಬರಿಗೈಯಲ್ಲಿ ಹೋಗಬಾರದೆಂದು ಅತ್ತೆ ಹಳೆಯ ಚಿಮಟಾವನ್ನು ಅವನ ಕೈಗಾಡಿಗೆ ಹಾಕಿದಳು.

ಇಷ್ಟು ಹೇಳುವಷ್ಟರಲ್ಲಿ ಹೊತ್ತಾಯಿತು. ಕಂಬಿಗೆ ಒಂದು ಬದಿಯ ಮೊಳೆ ಹೊಡೆದಿದ್ದೇನೆ. ಅದು ಈಗ ರೈಲ್ವೆ ಸಿಗ್ನಲ್ಲಿನಂತೆ ಓರೆಯಾಗಿ ಜೋತಾಡುತ್ತಿದೆ. ಕೆಳಗಿನ ರಸ್ತೆಯ ತಿರುವಿನಲ್ಲಿ ಪರಿಚಿತ ಸದ್ದು, ಅದರ ಹಿಂದೆಯೇ ಪರಿಚಿತ ಹೊಗೆ. ಈ ಐಟಿ ಪಾರ್ಕುಗಳ ಊರಿನಲ್ಲಿ ಆ ಹೊಗೆ ಬಿಡುವ ಧೈರ್ಯ ಇನ್ನಾರಿಗೂ ಇಲ್ಲ. ನಾನು ಕೆಳಗಿಳಿದೆ.

ಅತ್ತೆ ಗೇಟಿನ ಒಳಗೆ ಗಾಡಿ ನಿಲ್ಲಿಸಿ, ಹೆಲ್ಮೆಟ್ಟು ತೆಗೆದು, ಬೆಳ್ಳಗಾದ ಕೂದಲನ್ನು ಹಿಂದಕ್ಕೆ ಸರಿಸಿ, ಹೇಗಿದ್ದಿ ಎಂದೂ ಕೇಳದೆ ಹೇಳಿದಳು: "ಮಹಾಪೆಯಿಂದ ಒಂದು ಶಬ್ದ ಮಾರಾಯ. ಹೀಗೆ: ಘಡ್ ಘಡ್ ಘಡಾರ್!" ವಾಚ್‌ಮನ್ ಬೆಚ್ಚಿ ಎದ್ದು ನಿಂತ. ಅವಳು ಅವನ ಕಡೆ ಒಮ್ಮೆ ಕಣ್ಣು ಹಾಯಿಸಿ, ಇನ್ನೊಂದು ಘಡಾರ್ ಸೇರಿಸಿದಳು.

"ಅತ್ತೆ" ಎಂದೆ, "ಮಸಾಲೆ ಹೆಚ್ಚಾಯ್ತು."

ಅವಳು ಸಿಕ್ಕಿಬಿದ್ದ ಮಗುವಿನಂತೆ ನಕ್ಕಳು. ಗಾಡಿಯನ್ನು ದೊಡ್ಡ ಸ್ಟ್ಯಾಂಡಿಗೆ ಹಾಕಿದಳು. ನಾನು ಹಿಂದಿನ ಚಕ್ರದ ಪಕ್ಕ ಕುಕ್ಕುರುಗಾಲಲ್ಲಿ ಕೂತೆ. ನೀಲಿ ಸುಣ್ಣ ಕೈಯಲ್ಲೇ ಇತ್ತು.

"ತಿರುಗಿಸು ಅತ್ತೆ. ನಿಧಾನ" ಎಂದೆ. ಆಮೇಲೆ ಇಬ್ಬರೂ ಬಾಯಿ ಮುಚ್ಚಿ ಕೇಳತೊಡಗಿದೆವು.